ಚಿಗವ್ವನಿಗಾಗಿ ಆಡಿದ ಆಟ

ಯಾವ ಸಿನಿಮಾ ಆದರೂ ಸರಿ, ಮುಗಿಯಲು ಇನ್ನು ಹದಿನೈದು ನಿಮಿಷ ಇದೆ ಎನ್ನುವಾಗ ನನ್ನ ಕಾಲು ತಾನಾಗಿಯೇ ಚಪ್ಪಲಿ ಹುಡುಕಲು ಶುರು ಮಾಡುತ್ತದೆ. ಟಾಕೀಸಿನಲ್ಲಿ ಮಾತ್ರವಲ್ಲ, ಮನೆಯಲ್ಲಿ ಸೋಫಾದ ಮೇಲೆ ಕಾಲು ಮಡಚಿ ಕೂತು ಟಿವಿ ನೋಡುವಾಗಲೂ ಅಷ್ಟೇ. ನಾಯಕ ಖಳನಾಯಕನ ಕೊರಳಪಟ್ಟಿ ಹಿಡಿದದ್ದೇ ತಡ, ನಾನು ಎದ್ದು ಅಡುಗೆಮನೆಗೆ ಹೋಗಿ ಗ್ಯಾಸ್ ಬಂದ್ ಇದೆಯೋ ಇಲ್ಲವೋ ನೋಡುತ್ತೇನೆ. ಬಂದ್ ಇರುತ್ತದೆ. ವಾಪಸು ಬರುವಷ್ಟರಲ್ಲಿ ಪರದೆಯ ಮೇಲೆ ಹೆಸರುಗಳು ಏರುತ್ತಿರುತ್ತವೆ. ನಮ್ಮ ಮನೆಯವರು ಮದುವೆಯಾದ ಹೊಸತರಲ್ಲಿ, "ಏನಾತು ಹೇಳ್ಲೇನು?" ಎಂದು ಪ್ರೀತಿಯಿಂದ ಕೇಳುತ್ತಿದ್ದರು. ಈಗ ಕೇಳುವುದನ್ನು ಬಿಟ್ಟಿದ್ದಾರೆ. ನಾನು ಕೆಲಸ ಮಾಡುವ ಶಾಲೆಯಲ್ಲೂ ಸಭೆಯ ವಂದನಾರ್ಪಣೆಗೆ ಮೊದಲೇ ನಾನು ಬಾಗಿಲ ಬಳಿ ನಿಂತಿರುತ್ತೇನೆ. ನನ್ನನ್ನು ನೋಡಿ ನಾಲ್ಕು ಮಂದಿ ಏಳುತ್ತಾರೆ, ಅವರನ್ನು ನೋಡಿ ಉಳಿದವರು. ಸಿಬ್ಬಂದಿಗೆ ನನ್ನಿಂದಾದ ಉಪಕಾರ ಇದೊಂದೇ ಇರಬೇಕು.

ಇದಕ್ಕೆಲ್ಲ ಕಾರಣ ನಮ್ಮಪ್ಪ. ಅಪ್ಪ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗಿಬರುವ ಕೆಂಪು ಬಸ್ಸಿನ ಕಂಡಕ್ಟರ್. ನಮ್ಮ ಮನೆ ಇದ್ದದ್ದು ನಡುದಾರಿಯ ಮಸ್ಕಿಯಲ್ಲಿ. ಮಸ್ಕಿಯ ಟೆಂಟಿಗೆ ಬರುತ್ತಿದ್ದದ್ದು ಗೆರೆ ಬಿದ್ದು ಮಳೆ ಸುರಿಯುವಂತೆ ಕಾಣುವ ಹಳೆಯ ರೀಲು. ಹೊಸ ಸಿನಿಮಾ ನೋಡಬೇಕೆಂದರೆ ಸಿಂಧನೂರಿಗೇ ಹೋಗಬೇಕು. ಅಪ್ಪ ಬೇಡ ಎನ್ನುತ್ತಿರಲಿಲ್ಲ. ಆದರೆ ಅವನದೊಂದು ಕಾನೂನು ಇತ್ತು. ಮನೆಯ ಹೆಣ್ಣುಮಕ್ಕಳು ಅವನ ಬಸ್ಸಿನಲ್ಲೇ ಹೋಗಬೇಕು, ಅವನ ಬಸ್ಸಿನಲ್ಲೇ ಬರಬೇಕು. ಬೇರೆ ಬಸ್ಸುಗಳಿಗೇನು ಬರ ಇರಲಿಲ್ಲ, ಗಂಟೆಗೆರಡು ಓಡುತ್ತಿದ್ದವು. ಆದರೆ ಅವುಗಳಲ್ಲಿ ಇರುತ್ತಿದ್ದವರು ಬೇರೆ ಕಂಡಕ್ಟರುಗಳು. ಅವರೆಲ್ಲ ಎಂಥವರು ಎಂಬುದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಎಲ್ಲರೂ ಅವನ ಸ್ನೇಹಿತರೇ.

ಮ್ಯಾಟಿನಿ ಎರಡೂವರೆಗೆ ಶುರುವಾಗಿ ಐದೂಕಾಲಿಗೆ ಮುಗಿಯುತ್ತಿತ್ತು. ಅಪ್ಪನ ಬಸ್ಸು ಸ್ಟ್ಯಾಂಡು ಬಿಡುತ್ತಿದ್ದದ್ದು ಐದಕ್ಕೆ. ಟಾಕೀಸು ಮಸ್ಕಿ ರಸ್ತೆಯ ಮೇಲೇ ಇತ್ತು. ಬಸ್ಸು ಅಲ್ಲಿ ಬಂದು ನಿಂತು ಎರಡು ಸಲ ಉದ್ದ ಹಾರ್ನ್ ಹೊಡೆಯುತ್ತಿತ್ತು. ಆಮೇಲೆ ಹೆಂಗಸರ ಕಡೆಯ ಬಾಗಿಲ ಪರದೆ ಸರಿದು ಅಪ್ಪ ಕತ್ತಲಲ್ಲಿ ನಿಲ್ಲುತ್ತಿದ್ದ. ಒಳಗೆ ಕೂಗಿ ಕರೆದರೆ ಮರ್ಯಾದೆ ಅಲ್ಲವಲ್ಲ, ಅದಕ್ಕೆ ಕೈಯಲ್ಲಿದ್ದ ಟಿಕೆಟ್ ತೂತು ಮಾಡುವ ಪಂಚನ್ನು ಟಕ್ ಟಕ್ ಎನಿಸುತ್ತಿದ್ದ. ಆ ಸದ್ದು ಕೇಳಿದರೆ ಅವ್ವ ಸೆರಗು ಸರಿಮಾಡಿಕೊಂಡು ಎದ್ದೇಬಿಡುತ್ತಿದ್ದಳು. ಪರದೆಯ ಮೇಲೆ ನಾಯಕಿಯನ್ನು ಕಂಬಕ್ಕೆ ಕಟ್ಟಿರಲಿ, ನಾಯಕನ ಎದೆಗೆ ಗುಂಡು ಬಿದ್ದಿರಲಿ, ನಾವು ಮಾತ್ರ ಮಂದಿಯ ಮೊಣಕಾಲು ದಾಟುತ್ತ, ಬೈಸಿಕೊಳ್ಳುತ್ತ ಹೊರಗೆ ನಡೆಯುತ್ತಿದ್ದೆವು. ಒಮ್ಮೆ ನಾನು ಹಟ ಹಿಡಿದು, "ಇನ್ನ ಹತ್ತ ನಿಮಿಷ ಯಪ್ಪಾ" ಎಂದು ಅತ್ತಿದ್ದೆ. ಅಪ್ಪ ಸಿಟ್ಟಾಗಲಿಲ್ಲ. "ಬಸ್ಸಿನಾಗ ನಲವತ್ತ ಮಂದಿ ಕುಂತಾರ. ನಿಮ್ಮ ಹೀರೋ ಒಬ್ಬಾಂವ" ಎಂದ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಹೀಗಾಗಿ ನಮ್ಮ ಮನೆಯಲ್ಲಿ ಯಾರೂ ಯಾವ ಸಿನಿಮಾದ ಕೊನೆಯನ್ನೂ ಕಂಡವರಲ್ಲ. ಮಸ್ಕಿ ಬರುವವರೆಗೆ ಅವ್ವ ಬಸ್ಸಿನಲ್ಲೇ ಕೊನೆ ಕಟ್ಟುತ್ತಿದ್ದಳು. ಅವ್ವನ ಕೊನೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಖಳನಾಯಕನಿಗೂ ಬುದ್ಧಿ ಬಂದು ಒಂದು ಹೋಟೆಲ್ ಇಟ್ಟುಕೊಳ್ಳುತ್ತಿದ್ದ. ಮರುದಿನ ನಲ್ಲಿಯ ಹತ್ತಿರ ಇದನ್ನೇ ಕಣ್ಣಾರೆ ಕಂಡವಳಂತೆ ಹೇಳುತ್ತಿದ್ದಳು. ದೊಡ್ಡವಳಾದ ಮೇಲೆ ಅಂಥ ಒಂದು ಸಿನಿಮಾದ ಕೊನೆಯನ್ನು ಟಿವಿಯಲ್ಲಿ ಹಲ್ಲು ಕಚ್ಚಿ ಕೂತು ನೋಡಿದೆ. ಅವ್ವನದೇ ಚಲೋ ಇತ್ತು.

ಈಗ ಚಿಗವ್ವನ ವಿಷಯಕ್ಕೆ ಬರುತ್ತೇನೆ. ಚಿಗವ್ವ ಅಂದರೆ ಅವ್ವನ ತಂಗಿ ಶಾಂತವ್ವ. ಅವಳನ್ನು ಗುರುಗುಂಟಾದ ಹುಡುಗನಿಗೆ ಕೊಟ್ಟಿದ್ದರು. ಆ ಹುಡುಗ, ನನ್ನ ಕಾಕಾ, ಹಟ್ಟಿಯ ಚಿನ್ನದ ಗಣಿಯಲ್ಲಿ ಭೂಮಿಯೊಳಗೆ ಇಳಿದು ಕೆಲಸ ಮಾಡುತ್ತಿದ್ದ. ಕಂಪನಿ ಕೊಟ್ಟ ಎರಡು ಕೋಣೆಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಮದುವೆಯಾಗಿ ಆರು ವರ್ಷ ಆಗಿತ್ತು. ಆರು ವರ್ಷದಲ್ಲಿ ಚಿಗವ್ವ ಒಮ್ಮೆಯೂ ಗಣಿಯ ಬಗ್ಗೆ ಹೆದರಿದ್ದನ್ನು ನಾವು ಕಂಡಿರಲಿಲ್ಲ. ಗಂಡ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಬಿಟ್ಟ ಅವನ ಚಪ್ಪಲಿಯನ್ನು ಒಳಮುಖ ತಿರುಗಿಸಿ ಇಡುತ್ತಿದ್ದಳು, ಅಷ್ಟೇ. ಯಾಕೆ ಎಂದು ಕೇಳಿದರೆ, "ಹಂಗ ಇಟ್ರ ನೆಟ್ಟಗ ಕಾಣತೈತಿ" ಎನ್ನುತ್ತಿದ್ದಳು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ತೊಂಬತ್ತರ ದಶಕದ ನಡುವಿನ ಮಾತು, ಚಿಗವ್ವ ಪಂಚಮಿಗೆ ಮಸ್ಕಿಗೆ ಬಂದಳು. ಜೋಕಾಲಿ ಆಡಿದ್ದಾಯಿತು, ಉಂಡಿ ತಿಂದದ್ದಾಯಿತು. ಇನ್ನೇನು ಮಾಡುವುದು ಎಂದು ಮೂವರೂ ಸಿಂಧನೂರಿಗೆ ಸಿನಿಮಾಕ್ಕೆ ಹೋದೆವು. ಆಗ ಅಲ್ಲಿ ಒಂದು ಇಂಗ್ಲಿಷ್ ಸಿನಿಮಾ ತೆಲುಗಿನಲ್ಲಿ ಮಾತಾಡಿಕೊಂಡು ಜೋರಾಗಿ ಓಡುತ್ತಿತ್ತು. ಆಂಧ್ರದಿಂದ ಬಂದ ರೈತರು ನೆಲೆಸಿದ ಕಾಲುವೆ ಕಡೆಯ ಕ್ಯಾಂಪುಗಳಿಂದ ಟ್ರ್ಯಾಕ್ಟರ್ ಕಟ್ಟಿಕೊಂಡು ಮಂದಿ ಬರುತ್ತಿದ್ದರು. ಪೋಸ್ಟರಿನಲ್ಲಿ ತಲೆಗೆ ದೀಪದ ಟೊಪ್ಪಿಗೆ ಹಾಕಿದ ಬಿಳಿ ದೊರೆಯೊಬ್ಬ ಮುಖಕ್ಕೆಲ್ಲ ಮಸಿ ಬಳಿದುಕೊಂಡು ನಿಂತಿದ್ದ. ಗಣಿಯ ಸಿನಿಮಾ ಎಂದು ಗೊತ್ತಾದದ್ದು ಒಳಗೆ ಕೂತ ಮೇಲೆ.

ತೆಲುಗು ಚಿಗವ್ವನಿಗೆ ಅರ್ಧ ತಿಳಿಯುತ್ತಿತ್ತು, ನನಗೆ ಕಾಲು ಭಾಗ. ಆ ಕಥೆಗೆ ಅಷ್ಟು ಸಾಕಿತ್ತು. ಅಣ್ಣ ತಮ್ಮ ಇಬ್ಬರು. ಗಣಿ ಕುಸಿದು ತಮ್ಮ ಒಳಗೆ ಸಿಕ್ಕಿಕೊಳ್ಳುತ್ತಾನೆ. ಯಾರೂ ಇಳಿಯಲು ಒಪ್ಪದಿದ್ದಾಗ ಅಣ್ಣ ಒಬ್ಬನೇ ಇಳಿಯುತ್ತಾನೆ. ಮೇಲೆ ಗಣಿಯ ಬಾಯಿಯ ಹತ್ತಿರ ಅವನ ಹೆಂಡತಿ ಅವನ ಕೋಟು ಹಿಡಿದುಕೊಂಡು ನಿಂತಿರುತ್ತಾಳೆ. ಅವಳಿಗೆ ಮಾತೇ ಇಲ್ಲ, ಸುಮ್ಮನೆ ನಿಲ್ಲುವುದೊಂದೇ ಕೆಲಸ. ಅಣ್ಣನಿಗೆ ತಮ್ಮ ಸಿಕ್ಕ. ಬೆನ್ನಿಗೆ ಕಟ್ಟಿಕೊಂಡು ಏಣಿ ಹತ್ತತೊಡಗಿದ. ಕೆಳಗಿನಿಂದ ನೀರು ಏರತೊಡಗಿತು. ಒಂದು ಮೆಟ್ಟಿಲು ಕಳಚಿತು. ಟೊಪ್ಪಿಗೆಯ ದೀಪ ಆರಿತು. ಆಗ ಬಾಗಿಲ ಪರದೆ ಸರಿದು ಪಂಚು ಟಕ್ ಟಕ್ ಎಂದಿತು.

ಅವ್ವ ಎದ್ದಳು, ನಾನು ಎದ್ದೆ. ಚಿಗವ್ವ ಏಳಲಿಲ್ಲ. ಅಪ್ಪ ಇನ್ನೆರಡು ಸಲ ಪಂಚು ಒತ್ತಿದ. ಹಿಂದಿನವರು, "ಕುಂದುರ್ರಿ ಇಲ್ಲಾಂದ್ರ ಹೋಗ್ರಿ" ಎಂದು ಕೂಗಾಡಿದರು. ಕೊನೆಗೆ ಅವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಬಾಗಿಲು ದಾಟುವವರೆಗೂ ಚಿಗವ್ವ ಹಿಂದಕ್ಕೆ ತಿರುಗಿಕೊಂಡೇ ನಡೆದಳು. ಅಷ್ಟು ಹೊತ್ತೂ ಪರದೆ ಕತ್ತಲಾಗಿಯೇ ಇತ್ತು.

ಬಸ್ಸಿನಲ್ಲಿ ಅವ್ವ ಎಂದಿನಂತೆ ಬಾಯಿ ತೆರೆದಳು. "ಮ್ಯಾಲಿಂದ ಹಗ್ಗ ಬಿಡತಾರ ನೋಡು, ಇಬ್ರೂ..." ಎನ್ನುವಷ್ಟರಲ್ಲಿ ಚಿಗವ್ವ, "ಅಕ್ಕಾ, ಇದೊಂದಕ್ಕ ನೀ ಕಥಿ ಕಟ್ಟಬ್ಯಾಡ" ಎಂದಳು. ಅಪ್ಪ ಬಂದು ಟಿಕೆಟ್ ಹರಿದು ಕೊಟ್ಟ. ತನ್ನ ಮನೆಯವರಿಗೂ ಅವನು ಟಿಕೆಟ್ ಬಿಟ್ಟವನಲ್ಲ.

ಕೇಳಿದರೆ ಆಯಿತಲ್ಲ ಎಂದು ನೀವು ಅನ್ನಬಹುದು. ಅಷ್ಟು ಮಂದಿ ನೋಡಿದ ಸಿನಿಮಾ, ಯಾರಾದರೂ ಹೇಳುತ್ತಿದ್ದರು. ಆದರೆ ಚಿಗವ್ವ ಯಾರನ್ನೂ ಕೇಳಲು ಒಪ್ಪಲಿಲ್ಲ. ಗಂಡಸು ಒಳಗೆ ಇಳಿದಿರುವಾಗ 'ಅವನು ಮೇಲೆ ಬರಲಿಲ್ಲ' ಎಂಬ ಮಾತು ಒಬ್ಬರ ಬಾಯಿಂದ ಬರಬಾರದು, ಅದನ್ನು ತಾನು ಕಿವಿಯಿಂದ ಕೇಳಬಾರದು, ಇದು ಅವಳ ಹಟ. ಕಣ್ಣಿಂದ ನೋಡಿದರೆ ಅಡ್ಡಿ ಇರಲಿಲ್ಲವಂತೆ. ಇನ್ನೊಮ್ಮೆ ಹೋಗೋಣವೆಂದರೆ ಆ ಶುಕ್ರವಾರವೇ ಸಿನಿಮಾ ಬದಲಾಯಿತು. ಅವಳಿಗೆ ತಿಳಿಯದಂತೆ ನಾನೇ ವಿಚಾರಿಸಿದೆ. ಬಸ್‌ಸ್ಟ್ಯಾಂಡಿನ ಪಾನ್‌ಡಬ್ಬಿಯವನು, ತಮ್ಮ ಉಳಿದ, ಅಣ್ಣ ಹೋದ ಎಂದ. ನನ್ನ ಕ್ಲಾಸಿನ ಕ್ಯಾಂಪಿನ ಹುಡುಗಿ, ಇಬ್ಬರೂ ಉಳಿದರು ಎಂದಳು. ಇನ್ನೊಬ್ಬಳು, ಕೊನೆಗೆ ಹಾಡಿತ್ತು ಎಂದಳು. ಅವಳು ಬೇರೆ ಸಿನಿಮಾ ನೋಡಿದ್ದಳು. ಇದನ್ನೆಲ್ಲ ಚಿಗವ್ವನಿಗೆ ಹೇಳಿ ಉಪಯೋಗ ಇರಲಿಲ್ಲ. ಅವಳು ಹಟ್ಟಿಗೆ ಹೋದಳು, ನಾವು ಮರೆತೆವು.

ದಸರಾ ರಜೆಗೆ ನನ್ನನ್ನು ಹಟ್ಟಿಗೆ ಕಳಿಸಿದರು. ಅಪ್ಪ ತನ್ನ ಬಸ್ಸಿನಲ್ಲಿ ಲಿಂಗಸುಗೂರಿನವರೆಗೆ ತಂದು ಇಳಿಸಿದ. ಕಾಕಾ ಲೂನಾ ಗಾಡಿಯೊಂದಿಗೆ ಕಾಯುತ್ತಿದ್ದ. ಕಾಕಾ ಆಳು ಎತ್ತರ, ಮಾತು ಜೋರು. ಆದರೆ ಅವತ್ತು ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ನನಗೆ ಮಿರ್ಚಿ ಭಜಿ ಕೊಡಿಸಿ ತಾನು ಬರೀ ನೀರು ಕುಡಿದ.

"ನಾಗೂ, ನಿಮ್ಮ ಚಿಗವ್ವ ನನಗ ಕೆಲಸಕ್ಕ ಬಿಡವಲ್ಲಳು" ಎಂದ.

"ಜಗಳ ತಗೀತಾಳೇನು ಕಾಕಾ?"

"ಜಗಳ ತಗದ್ರ ಚಲೋ ಇತ್ತಲ್ಲ. ಬೂಟ್ ಬಚ್ಚಿಡತಾಳ. ಒಂದ ಬೂಟು. ಎರಡೂ ಬಚ್ಚಿಟ್ರ ಹೊಸಾವ ತರತಿದ್ದೆ. ಒಂದು ಕಣ್ಣ ಮುಂದ ಇರತೈತಿ ನೋಡು, ಇನ್ನೊಂದು ಇಲ್ಲೇ ಎಲ್ಲೋ ಐತಿ ಅಂತ ಹುಡುಕೋದ್ರಾಗ ಪಾಳಿ ಹೂಟರ್ ಹೊಡದಬಿಡತೈತಿ."

ನನಗೆ ನಗು ಬಂತು. ಕಾಕಾನಿಗೂ ಬಂತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ಪಂಚಮಿಯಿಂದ ಈಚೆಗೆ ಹೀಗೇ ನಡೆದಿದೆ ಎಂದ. ಕೆಲಸಕ್ಕೆ ತಪ್ಪಿಸಿಕೊಂಡ ದಿನಕ್ಕೆ ಅಲ್ಲಿ ನಾಗಾ ಎನ್ನುತ್ತಾರೆ. ನಾಗಾಗಳು ಬಹಳ ಆಗಿದ್ದವು. ಇನ್ನೊಂದು ಆದರೆ ಹೆಸರು ಹೊಡೆದು ಹಾಕುತ್ತೇನೆ ಎಂದು ಮೇಸ್ತ್ರಿ ಹೇಳಿದ್ದ. ಗುರುಗುಂಟಾದಲ್ಲಿದ್ದ ಹೊಲ ಅಣ್ಣತಮ್ಮಂದಿರ ಊಟಕ್ಕೇ ಸಾಲದು, ಅಲ್ಲಿಗೆ ಹೋಗಿ ಮಾಡುವುದೇನೂ ಇರಲಿಲ್ಲ. ಏನು ಮಾಡಿದರೆ ಬಿಡುತ್ತೀ ಎಂದು ಕಾಕಾ ಹೆಂಡತಿಯನ್ನೇ ಕೇಳಿದ್ದನಂತೆ. "ಆ ಮನಷಾ ಮ್ಯಾಲ ಬಂದದ್ದು ನಾ ನೋಡಬೇಕು" ಎಂದಳಂತೆ.

"ಯಾವ ಮನಷಾ ಅಂತ ನನಗ ಎಂಟು ದಿನ ತಿಳೀಲಿಲ್ಲ ನೋಡವ್ವಾ" ಎಂದ ಕಾಕಾ. "ನಾ ನಮ್ಮ ಗ್ಯಾಂಗಿನಾಗ ಎಲ್ಲಾರ್ನೂ ಎಣಿಸಿದೆ. ಎಲ್ಲಾರೂ ಮ್ಯಾಲ ಬಂದಾರ."

ಹಾಗಾಗಿ ನಾವು ನೇರ ಹಟ್ಟಿಗೆ ಹೋಗದೆ ಲಿಂಗಸುಗೂರಿನ ಒಂದು ವಿಡಿಯೋ ಅಂಗಡಿಗೆ ಹೋದೆವು. ವಿಸಿಆರ್, ಟಿವಿ, ಕ್ಯಾಸೆಟ್ಟು ಎಲ್ಲ ದಿನದ ಬಾಡಿಗೆಗೆ ಕೊಡುವ ಅಂಗಡಿ. ಮಾಲೀಕರು ಗಡ್ಡಕ್ಕೆ ಮೆಹಂದಿ ಹಚ್ಚಿದ ಸಾಹೇಬರು. ಕಾಕಾ ಗಣಿಯ ಸಿನಿಮಾ, ದೀಪದ ಟೊಪ್ಪಿಗೆ, ಅಣ್ಣ ತಮ್ಮ ಎಂದು ವಿವರಿಸಿದ. ಸಾಹೇಬರು ಕಣ್ಣು ಮುಚ್ಚಿ ಕೇಳಿ, "ಆ ಪಿಕ್ಚರಿನ ಕ್ಯಾಸೆಟ್ ಇನ್ನೂ ಬಂದಿಲ್ರಿ ಭಾಯ್" ಎಂದರು. ನಾವು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕರೆದರು. ಕೈಯಲ್ಲಿ ಹಳದಿ ಬಣ್ಣದ, ಸಾಬೂನಿನ ಡಬ್ಬಿಯಷ್ಟು ದೊಡ್ಡದೊಂದು ಕ್ಯಾಸೆಟ್ಟು ಇತ್ತು. ಅದರ ಮೇಲೆ ಅದೇ ದೊರೆ, ಅದೇ ಮಸಿ, ಅದೇ ಟೊಪ್ಪಿಗೆ.

"ಇದು ಪಿಕ್ಚರ್ ಅಲ್ರಿ, ವಿಡಿಯೋ ಗೇಮ್. ಆದ್ರ ಪಿಕ್ಚರಿಂದ ಮಾಡ್ಯಾರ. ಇದ್ರಾಗ ನೀವಾ ಹೀರೋ."

ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದ್ರಾಗ ಕೊನಿ ಇರತೈತೇನ್ರಿ ಸಾಹೇಬ್ರ?"

"ಇರದಂಗ ಹೆಂಗ? ಪಿಕ್ಚರಿಗಿ ಇದ್ದಿದ್ದು ಇದಕ್ಕೂ ಇರಬೇಕಲ್ರಿ."

ಮೂವರಿಗೂ ಇದು ಸರಿ ಎನಿಸಿತು. ಕ್ಯಾಸೆಟ್ಟನ್ನೂ, ಅದನ್ನು ಟಿವಿಗೆ ಜೋಡಿಸಿ ಗುಂಡಿ ಒತ್ತಿ ಆಡುವ ಡಬ್ಬಿಯನ್ನೂ ಅವತ್ತು ಮತ್ತು ಮರುದಿನ ಸಂಜೆಯವರೆಗೆ ಬಾಡಿಗೆಗೆ ತೆಗೆದುಕೊಂಡೆವು. ಮರುದಿನ ಕಾಕಾನದು ಎರಡನೇ ಪಾಳಿ, ಮಧ್ಯಾಹ್ನ ಎರಡಕ್ಕೆ ಇಳಿಯಬೇಕು. ಅಷ್ಟರೊಳಗೆ ಆ ಮನುಷ್ಯನನ್ನು ಮೇಲೆ ತರಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ಕಾಕಾ ಗುಂಡಿ ಒತ್ತಿದರೆ ಗುಂಡಿಯೇ ಒಳಗೆ ಹೋಗುವಂತಿತ್ತು. ನಾನು ಲೂನಾದ ಹಿಂದೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಜೀವನದಲ್ಲಿ ನನ್ನನ್ನು ನಂಬಿ ಯಾರೂ ಅಷ್ಟು ದೊಡ್ಡ ಕೆಲಸ ಕೊಟ್ಟಿರಲಿಲ್ಲ, ಆಮೇಲೆಯೂ ಕೊಟ್ಟಿಲ್ಲ.

ಹಟ್ಟಿಯ ಒಂದು ಸುಖವೆಂದರೆ ಕರೆಂಟು. ಮಸ್ಕಿಯಲ್ಲಿ ಕರೆಂಟು ನೆಂಟರ ಹಾಗೆ ಬಂದು ಹೋಗುತ್ತಿತ್ತು. ಇಂಥ ಆಟ ಅಲ್ಲಿ ನಡೆಯುವಂತೆಯೇ ಇರಲಿಲ್ಲ, ಯಾಕೆಂದರೆ ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಶುರು. ಕಂಪನಿ ಮನೆಗಳಲ್ಲಿ ಆ ಭಯ ಇರಲಿಲ್ಲ. ಕಾಕಾ ಬೋನಸ್ಸಿನಲ್ಲಿ ತಂದ ಕಲರ್ ಟಿವಿಗೆ ತಂತಿ ಸಿಕ್ಕಿಸಿದೆವು. ಕೀಂಯ್ ಎಂದು ಸದ್ದು ಮಾಡಿ ದೊರೆ ಪ್ರತ್ಯಕ್ಷನಾದ. ಕ್ಯಾಸೆಟ್ಟಿನ ಮೇಲಿದ್ದಷ್ಟು ಚೆಲುವ ಅಲ್ಲ, ನಾಲ್ಕಾರು ಬಣ್ಣದ ಚೌಕಗಳನ್ನು ಒಂದರ ಮೇಲೊಂದು ಇಟ್ಟಂತೆ ಇದ್ದ. ಮೂಗು ಇರಲಿಲ್ಲ. ಮೂಲೆಯಲ್ಲಿ ಅವನ ಮೂರು ಜೀವಗಳ ಗುರುತಿಗೆ ಮೂರು ಟೊಪ್ಪಿಗೆ, ಪಕ್ಕದಲ್ಲಿ ದೀಪದ ಎಣ್ಣೆ ಎಷ್ಟಿದೆ ಎಂದು ತೋರಿಸುವ ಒಂದು ಕೆಂಪು ಗೆರೆ. ಒಟ್ಟು ಹನ್ನೆರಡು ಸ್ಟೇಜು. ಹನ್ನೊಂದು ಸ್ಟೇಜು ಇಳಿದರೆ ತಮ್ಮ ಸಿಗುತ್ತಾನೆ, ಹನ್ನೆರಡನೆಯದರಲ್ಲಿ ಅವನನ್ನು ಹೊತ್ತು ಮೇಲೆ ಬರಬೇಕು.

ಚಿಗವ್ವ ಮೊದಲು ಹತ್ತಿರ ಸುಳಿಯಲಿಲ್ಲ. ಒಂದು ಸಲ ಬಾಗಿಲಿನಿಂದ ಇಣುಕಿ ಪರದೆಯ ಮೇಲಿನ ಟೊಪ್ಪಿಗೆ ನೋಡಿದಳು, ಗಂಡನ ಮುಖ ನೋಡಿದಳು, ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ನಾನು ಮೊದಲನೇ ಸ್ಟೇಜಿನ ಮೊದಲನೇ ಏಣಿಯಿಂದಲೇ ದೊರೆಯನ್ನು ಬೀಳಿಸಿದೆ. ಒಂದು ಶೋಕದ ರಾಗ ಬಂತು. ಒಳಗೆ ರೊಟ್ಟಿಯ ಸದ್ದು ನಿಂತಿತು.

"ಏನಾತು?"

"ಸತ್ತ" ಎಂದೆ.

ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನಾಗೂ, ಈ ಮನ್ಯಾಗ ಆ ಮಾತು ಆಡಂಗಿಲ್ಲ. ಎಡವಿದ ಅನ್ನು."

ಅವತ್ತು ಸಂಜೆಯೊಳಗೆ ದೊರೆ ಸುಮಾರು ಎಪ್ಪತ್ತು ಸಲ ಎಡವಿದ. ಕಲ್ಲು ಬಿದ್ದು ಎಡವಿದ, ಹೊಗೆ ತಾಗಿ ಎಡವಿದ, ಎಲ್ಲಿಂದಲೋ ಬಂದ ಬಾವಲಿ ತಾಗಿಯೂ ಎಡವಿದ. ಕಾಕಾ ಪಕ್ಕದಲ್ಲಿ ಕೂತು ದೊರೆಯ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದ. "ಏಣಿಮ್ಯಾಲ ಹಿಂಗ ಜಿಗದ್ರ ಮೇಸ್ತ್ರಿ ಅವತ್ತ ಮನಿಗಿ ಕಳಸ್ತಾನ. ಬ್ಯಾಟರಿ ಸೊಂಟಕ್ಕಿಲ್ಲ, ದೀಪ ಹೆಂಗ ಉರಿಯಾಕತೈತಿ? ಒಬ್ಬಾಂವನ್ನ ಯಾವ ಗಣಿಯಾಗೂ ಇಳಸಂಗಿಲ್ಲ, ಜೋಡಿ ಬೇಕು." ಬಾವಲಿಯ ಬಗ್ಗೆ ಅವನಿಗೆ ಬಹಳ ಅಸಮಾಧಾನವಿತ್ತು. ಆರನೇ ಸ್ಟೇಜಿಗೆ ಹೋಗುವಷ್ಟರಲ್ಲಿ ಚಿಗವ್ವ ಊಟಕ್ಕೆ ಕರೆದಳು. ಊಟವಾದ ಮೇಲೂ ಎಂಟನ್ನು ದಾಟಲಿಲ್ಲ.

ಮರುದಿನ ಬೆಳಿಗ್ಗೆ ಮೈತೊಳೆದು, ಜಡೆ ಹಾಕಿಸಿಕೊಂಡು, ಪರೀಕ್ಷೆಗೆ ಕೂತಂತೆ ಕೂತೆ. ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತ್ತು. ಒಂಬತ್ತು ಗಂಟೆ, ಹತ್ತು, ಹನ್ನೊಂದು. ದೊರೆ ಏಳನೇ ಸ್ಟೇಜಿನಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಲ್ಲು ಬೀಳಿಸಿಕೊಳ್ಳುತ್ತಿದ್ದ. ಆಗ ಹಿಂದಿನಿಂದ ಚಿಗವ್ವನ ದನಿ ಬಂತು. "ಅಲ್ಲಿ ಯಾಕ ನಿಂದರಸ್ತೀ? ಮ್ಯಾಲಿನ ಕಲ್ಲು ಸಡ್ಲ ಐತಿ, ಕಾಣವಲ್ದೇನು? ಗ್ವಾಡಿ ಹಿಡಕೊಂಡು ಹೋಗು."

ಗೋಡೆ ಹಿಡಿದುಕೊಂಡು ಹೋದೆ. ಕಲ್ಲು ನಡುವೆ ಬಿತ್ತು, ದೊರೆ ಉಳಿದ.

ಆಮೇಲೆ ಅವಳು ಎದ್ದು ಹೋಗಲಿಲ್ಲ. ನನ್ನ ಪಕ್ಕದಲ್ಲಿ ಕೂತಳು. ನಾನು ಗುಂಡಿ ಬಿಡುವಂತಿರಲಿಲ್ಲ, ಹಾಗಾಗಿ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಮುರಿದು ಮುರಿದು ನನ್ನ ಬಾಯಿಗೆ ಇಡುತ್ತ, ಕಣ್ಣು ಮಾತ್ರ ಪರದೆಯ ಮೇಲಿಟ್ಟು ಹೇಳುತ್ತ ಹೋದಳು. ಹೊಗೆ ಬಂದ ಕಡೆ ಹೋಗಬೇಡ, ಗಾಳಿ ಬರುವ ಕಡೆ ಹೋಗು. ಎಣ್ಣೆ ಅರ್ಧ ಆಗುವ ಮೊದಲು ತುಂಬಿಸಿಕೋ. ತಲೆಯ ಮೇಲಿನ ಛತ್ತು ತಟ್ಟಿ ನೋಡು, ಟೊಳ್ಳು ಸದ್ದು ಬಂದರೆ ಹಿಂದೆ ಸರಿ. ತಟ್ಟಲು ನನ್ನ ಹತ್ತಿರ ಗುಂಡಿ ಇರಲಿಲ್ಲ, ಎರಡೇ ಗುಂಡಿ, ಒಂದು ಜಿಗಿಯಲು, ಒಂದು ಅಗೆಯಲು. ಆದರೂ ಅವಳು ಹೇಳಿದಂತೆ ನಡೆಸಿದಾಗ ದೊರೆ ಎಡವುವುದು ಕಡಿಮೆಯಾಯಿತು. ಕಾಕಾ ಬಾಯಿ ತೆರೆದುಕೊಂಡು ಹೆಂಡತಿಯನ್ನೇ ನೋಡುತ್ತಿದ್ದ.

"ಇದನ್ನೆಲ್ಲ ನಿನಗ ಯಾರು ಹೇಳ್ಯಾರಲೇ ಶಾಂತಾ?"

"ನೀವ ಹೇಳೀರಲ್ರಿ, ಉಣ್ಣಾಗ" ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

ಆರು ವರ್ಷ ಊಟದ ಮುಂದೆ ಕೂತು ಅವನು ಆಡಿದ ಮಾತುಗಳನ್ನು ಅವಳು ಒಂದೂ ಬಿಡದೆ ಇಟ್ಟುಕೊಂಡಿದ್ದಳು. ಹೆದರಿಕೆ ಸಿನಿಮಾದಿಂದ ಬಂದದ್ದು ಎಂದು ನಾವೆಲ್ಲ ತಿಳಿದಿದ್ದೆವು. ಮೊದಲಿನಿಂದಲೂ ಇತ್ತು ಎಂದು ಕಾಕಾನಿಗೆ ಅವತ್ತು ಗೊತ್ತಾಗಿರಬೇಕು, ಆಮೇಲೆ ಅವನು ದೊರೆಯ ತಪ್ಪು ಹುಡುಕುವುದನ್ನು ನಿಲ್ಲಿಸಿದ. ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದು ಕಾಲು ಬರಿದೇ ನೆಲದ ಮೇಲಿಟ್ಟು ಸುಮ್ಮನೆ ಕೂತ. ಇನ್ನೊಂದು ಬೂಟು ಎಲ್ಲಿ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ದಾಟಿತು.

ಹನ್ನೊಂದನೇ ಸ್ಟೇಜಿನ ತಳದಲ್ಲಿ ತಮ್ಮ ಸಿಕ್ಕ. ಅವನಿಗೆ ಟೊಪ್ಪಿಗೆಯೂ ಇರಲಿಲ್ಲ, ಕೈ ಮೇಲೆ ಕೆಳಗೆ ಮಾಡುತ್ತ ಕೂತಿದ್ದ. ಹತ್ತಿರ ಹೋದ ಕೂಡಲೇ ದೊರೆಯ ಬೆನ್ನಿಗೆ ಅಂಟಿಕೊಂಡ. ನೀರು ಏರತೊಡಗಿತು. ನನ್ನ ಹತ್ತಿರ ಉಳಿದಿದ್ದದ್ದು ಒಂದೇ ಟೊಪ್ಪಿಗೆ. ಇದು ಹೋದರೆ ಮತ್ತೆ ಒಂದನೇ ಸ್ಟೇಜು, ಆಗ ಎರಡು ಗಂಟೆಯೊಳಗೆ ಆಗುವ ಮಾತಲ್ಲ. ಚಿಗವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಬಾಯಲ್ಲಿದ್ದ ತುತ್ತನ್ನು ನಾನು ಅಗಿಯಲಿಲ್ಲ.

ಮೊದಲ ಏಣಿ, ಎರಡನೆಯದು, ಮೂರನೆಯದು. ಕಲ್ಲು ಬಿತ್ತು, ಗೋಡೆಗೆ ಸರಿದೆ. ನೀರು ದೊರೆಯ ಕಾಲಿಗೆ ಮುಟ್ಟಿತು, ಜಿಗಿದೆ. ಮೇಲ್ತುದಿಯಲ್ಲಿ ಕೇಜು ಕಂಡಿತು. ಜನರನ್ನು ಗಣಿಯೊಳಗೆ ಇಳಿಸಿ ಏರಿಸುವ ಕಬ್ಬಿಣದ ಪಂಜರಕ್ಕೆ ಅಲ್ಲಿ ಹಾಗೆನ್ನುತ್ತಾರೆ. ದೊರೆ ತಮ್ಮನನ್ನು ಹೊತ್ತು ಅದರೊಳಗೆ ಕಾಲಿಟ್ಟ. ಕೇಜು ಅಲುಗಾಡಿ ಮೇಲೆ ಏರಿತು. ಅವನ ತಲೆ ಪರದೆಯ ಮೇಲಂಚಿಗೆ ಮುಟ್ಟಿತು. ಪರದೆ ಕಪ್ಪಾಯಿತು.

ನಾವು ಕಾದೆವು. ಗಣಿಯ ಬಾಯಿ ಬರುತ್ತದೆ, ಕೋಟು ಹಿಡಿದ ಹೆಂಡತಿ ಬರುತ್ತಾಳೆ, ಅವನು ಅವಳ ಹತ್ತಿರ ಹೋಗುತ್ತಾನೆ ಎಂದು ನಾನಂತೂ ಕಣ್ಣು ಮಿಟುಕಿಸದೆ ಕೂತಿದ್ದೆ. ಕೀಂಯ್ ಎಂದಿತು. ಬೆಳಕು ಬಂತು. ದೊರೆ ಮತ್ತೆ ಒಂದನೇ ಸ್ಟೇಜಿನಲ್ಲಿ, ಮೊದಲನೇ ಏಣಿಯ ಮೇಲ್ತುದಿಯಲ್ಲಿ ಒಬ್ಬನೇ ನಿಂತಿದ್ದ.

ಆ ಕ್ಯಾಸೆಟ್ಟು ಮಾಡಿದವರಿಗೆ ಕೊನೆ ಮಾಡಲು ಪುರುಸೊತ್ತು ಇರಲಿಲ್ಲವೋ, ಅದರಲ್ಲಿ ಜಾಗ ಇರಲಿಲ್ಲವೋ ಗೊತ್ತಿಲ್ಲ. ಅಂಥ ಆಟಗಳೆಲ್ಲ ಹಾಗೇ, ಮುಗಿದ ಕೂಡಲೇ ಮೊದಲಿಗೆ ಬರುತ್ತವೆ ಎಂಬುದು ನನಗೆ ಬಹಳ ವರ್ಷದ ಮೇಲೆ ತಿಳಿಯಿತು. ಅವತ್ತು ನನಗೆ ಅಳುವೇ ಬಂತು. ಎರಡು ದಿನ, ಒಂದು ಬೊಬ್ಬೆ, ಕಾಕಾನ ನೌಕರಿ, ಎಲ್ಲ ನೀರಿಗೆ ಹೋಯಿತು ಎಂದುಕೊಂಡೆ.

"ಕೊನಿ ಇಲ್ಲ ಚಿಗವ್ವ" ಎಂದೆ. "ಮತ್ತ ಮೊದಲಿಂದ ಶುರು ಆತು."

ಚಿಗವ್ವ ಮೊಣಕಾಲ ಮೇಲೆ ಮುಂದೆ ಸರಿದು ಪರದೆಯ ಹತ್ತಿರ ಹೋದಳು.

"ಟೊಪಗಿ ಎಷ್ಟ ಅದಾವ ನೋಡು."

"ಮೂರೂ ಅದಾವ."

"ಎಣ್ಣಿ?"

"ತುಂಬ ಐತಿ."

ಅವಳು ಪರದೆಯ ಮೇಲಿದ್ದ ಆ ಮೂಗಿಲ್ಲದ ಮನುಷ್ಯನನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಇಷ್ಟೂ ತಿಳಿಯುವುದಿಲ್ಲವೇ ಎನ್ನುವಂತೆ ನನ್ನ ಕಡೆ ತಿರುಗಿದಳು. "ಹುಚ್ಚಿ, ಮ್ಯಾಲ ಬಂದಾನ ಅಲ್ಲೇನು? ಬಂದು, ತಮ್ಮನ್ನ ಮನಿಗಿ ಮುಟ್ಟಿಸಿ, ಜಳಕ ಮಾಡಿ, ಉಂಡು, ಮಕ್ಕೊಂಡು ಎದ್ದು, ದೀಪಕ್ಕ ಎಣ್ಣಿ ಹಾಕ್ಕೊಂಡು ಇವತ್ತಿನ ಪಾಳಿಗಿ ಬಂದಾನ. ಬರದಿದ್ರ ಇಲ್ಲಿ ಹೆಂಗ ನಿಂದರತಿದ್ದ?"

ನಾನೂ ಕಾಕಾನೂ ಒಬ್ಬರ ಮುಖ ಒಬ್ಬರು ನೋಡಿದೆವು.

ಚಿಗವ್ವ ಎದ್ದು ಒಳಗೆ ಹೋದಳು. ಜೋಳದ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಬೂಟು ತಂದು, ಒಳಗಿದ್ದ ಜೋಳದ ಕಾಳನ್ನು ಅಂಗೈಗೆ ಸುರಿದುಕೊಂಡು, ಅದನ್ನು ಗಂಡನ ಬರಿಗಾಲ ಪಕ್ಕದಲ್ಲಿ ಇಟ್ಟಳು. "ಒಂದೂವರಿ ಆತ್ರಿ" ಎಂದಳು. ಕಾಕಾ ಬೂಟಿನ ಲೇಸು ಕಟ್ಟಿದ. ಬುತ್ತಿ ಹಿಡಿದು ಹೊರಟವನು ಬಾಗಿಲಲ್ಲಿ ಒಂದು ಕ್ಷಣ ನಿಂತ. ಚಿಗವ್ವ ತಲೆ ಎತ್ತಲಿಲ್ಲ. ಲೂನಾದ ಸದ್ದು ಬೀದಿ ದಾಟಿ ದೂರವಾಯಿತು. ಆಗ ಅವಳು ಗೋಡೆಗೆ ಒರಗಿ ಕೂತಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

ನಾನು ಗುಂಡಿಯ ಪೆಟ್ಟಿಗೆಯನ್ನು ಕೆಳಗಿಟ್ಟಿದ್ದೆ. ಯಾರೂ ಒತ್ತುವವರಿಲ್ಲದೆ ದೊರೆ ಏಣಿಯ ತುದಿಯಲ್ಲೇ ನಿಂತುಕೊಂಡು ಕಾಯುತ್ತಿದ್ದ. ಆಫ್ ಮಾಡಲೆಂದು ಕೈ ಚಾಚಿದೆ.

"ಬ್ಯಾಡ" ಎಂದಳು ಚಿಗವ್ವ. ಮೂಗು ಏರಿಸಿಕೊಂಡು, ರೊಟ್ಟಿಯ ತಟ್ಟೆ ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. "ಅವನ್ನೂ ಕಳಸಬೇ ನಾಗೂ. ತಡ ಆದ್ರ ನಾಗಾ ಬೀಳತೈತಿ."

ನಾನು ಗುಂಡಿ ಒತ್ತಿದೆ. ಅವನು ಇಳಿಯತೊಡಗಿದ.